ದುರುಗಕ್ಕ ಬೆಳಗಿದ ಹಂಡೆ

ತ್ಯಾವಣಿಗೆಯಲ್ಲಿ ಬೆನಕಪ್ಪನವರ ಅಡಿಕೆ ಬೇಯಿಸುವ ಒಲೆಯ ಮುಂದೆ ದುರುಗಕ್ಕ ನಿಂತರೆ ಯಾರೂ ಎದುರಾಡುತ್ತಿರಲಿಲ್ಲ. ಅಡಿಕೆ ಬೆಂದು ಉಳಿದ ಕೆಂಪು ಒಗರುನೀರಿಗೆ ಚೊಗರು ಎನ್ನುತ್ತಾರೆ. ಮುಂದಿನ ಅಡಿಕೆಗೆ ಬಣ್ಣ ಬರಲೆಂದು ಅದನ್ನು ತಾಮ್ರದ ಹಂಡೆಯಲ್ಲಿ ಕಾಪಾಡುವುದು ಆಕೆಯ ಹೊಣೆ. ಚಿಕ್ಕಂದಿನಲ್ಲಿ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಕುಳಿತಿದ್ದವಳು. ಬಾಯಿ ಜೋರು, ಮನಸ್ಸು ಮೆತ್ತಗೆ.

ಜಗಳೂರಿನ ವನಜಾಕ್ಷಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ಚೊಗರನ್ನು ಒಮ್ಮೆ ಪರೀಕ್ಷೆಗೆಂದು ಒಯ್ದಿದ್ದಳು. ಬಿಸಿ, ಒಗರು ಎರಡನ್ನೂ ತಾಳುವ ಸೂಕ್ಷ್ಮಜೀವಿಯೊಂದು ಅದರಲ್ಲಿ ಸಿಕ್ಕಿತ್ತು.

“ಅಂಥಾ ಬಿಸಿಯಾಗೆ ಅದು ಹೆಂಗೆ ಬದುಕ್ತೈತವ್ವಾ?” ಹುಡುಗಿ ಮತ್ತೆ ಬಂದು ಅದನ್ನು ಹೇಳಿದಾಗ ದುರುಗಕ್ಕ ಕೇಳಿದಳು.

“ಅದರೊಳಗೆ ಚಿಕ್ಕ ಆರ್‌ಎನ್‌ಎ ಅಂತ ಐತಕ್ಕಾ. ಏನೇನು ತಯಾರಾಗಬೇಕು ಅನ್ನೋ ಸಂದೇಶಗಳು ಜೀವಕೋಶದಾಗೆ ಓಡಾಡ್ತಿರ್ತಾವೆ. ಬಿಸಿ ಏರಿದ್ರೆ ಇದು ಕೆಲವಕ್ಕೆ ಅಂಟ್ಕೊಂಡು ತಡೀತೈತೆ, ಕೆಲವನ್ನ ಮುಂದಕ್ಕೆ ಬಿಡ್ತೈತೆ. ಬೆಳೆಯೋದು ನಿಂತು ಜೀವ ಉಳೀತೈತೆ.”

“ನಮ್ಮತ್ತೇನೂ ಹಂಗೇ ಬಿಡು. ತಾನು ಕಡ್ಡಿ ಎತ್ತಿಡಲ್ಲ. ಯಾರ ಕೆಲಸ ನಿಲ್ಲಬೇಕು, ಯಾರದು ನಡೀಬೇಕು ಅಂತ ಕುಂತಲ್ಲೇ ನಡೆಸ್ತಾಳೆ!”

ಹಬ್ಬದ ನಂತರ ಅದೇ ಹಂಡೆಯ ಚೊಗರನ್ನು ಮತ್ತೊಮ್ಮೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ಅದನ್ನು ಬರಿದುಮಾಡಬಾರದು ಎಂದು ಹೇಳಿ ಹುಡುಗಿ ಹೋದಳು.

ದೀಪಾವಳಿಯ ನೀರು ತುಂಬುವ ದಿನ ಬಂತು. ಮನೆಯ ಹಂಡೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುವ ಭರದಲ್ಲಿ ದುರುಗಕ್ಕ ಚೊಗರನ್ನು ಚೆಲ್ಲಿ ಆ ಹಂಡೆಯನ್ನೂ ಬೆಳಗಿಬಿಟ್ಟಳು. ನೆನಪಾದಾಗ ಹಂಡೆ ಥಳಥಳಿಸುತ್ತಿತ್ತು. ಹುಡುಗಿ ಬರಿಗೈಯಲ್ಲಿ ಹೋಗಬಾರದೆಂದು ಪಕ್ಕದ ಒಲೆಯವರ ಚೊಗರನ್ನು ತಂದು ತುಂಬಿದಳು. ವನಜಾಕ್ಷಿ ಬಂದು ಅದನ್ನೇ ಒಯ್ದಳು. ದುರುಗಕ್ಕ ಬಾಯಿ ಬಿಡಲಿಲ್ಲ.

ಸಂಕ್ರಾಂತಿ ಕಳೆದು ಬಂದ ಹುಡುಗಿಯ ಮುಖ ಬಾಡಿತ್ತು. ಎರಡನೆಯ ಚೊಗರಿನಲ್ಲಿ ಆ ಜೀವಿಯೇ ಇರಲಿಲ್ಲ. ಮೊದಲು ಕಂಡದ್ದು ಪ್ರಯೋಗಾಲಯದಲ್ಲಿ ಬೇರೆಲ್ಲಿಂದಲೋ ಸೇರಿಕೊಂಡದ್ದಿರಬೇಕು, ಪ್ರಬಂಧದ ಆ ಅಧ್ಯಾಯವನ್ನು ಕೈಬಿಡು ಎಂದು ಅವಳ ಮಾರ್ಗದರ್ಶಕರು ಹೇಳಿದ್ದರು.

“ನನ್ನ ಕೈಯೇ ಸರಿ ಇಲ್ಲಕ್ಕಾ. ಎಲ್ಲೋ ಗಲೀಜು ಮಾಡ್ಕೊಂಡೀನಿ.”

ದುರುಗಕ್ಕ ಉರಿಯುತ್ತಿದ್ದ ಒಲೆಗೇ ಇನ್ನಷ್ಟು ಸೌದೆ ಒಟ್ಟಿದಳು. ಆಮೇಲೆ, “ನಿನ್ನ ಕೈ ಸರಿ ಐತೆ ತಾಯಿ. ಹಬ್ಬಕ್ಕೆ ಹಂಡೆ ಬೆಳಗಿಬಿಟ್ಟೆ. ನಿನಗೆ ಕೊಟ್ಟಿದ್ದು ಪಕ್ಕದೋರ ಚೊಗರು,” ಎಂದಳು.

ಹುಡುಗಿ ಹಂಡೆಯ ಹತ್ತಿರ ಹೋಗಿ ಒಳಗೆ ಇಣುಕಿದಳು.

“ಬೈಯಿ. ಸುಮ್ನಿರಬ್ಯಾಡ.”

“ಬೈದ್ರೆ ಏನು ಬರ್ತೈತಕ್ಕಾ? ಅವತ್ತೇ ಹೇಳಬಾರದಿತ್ತಾ?”

“ಹೇಳಬೇಕಿತ್ತು. ನಿಮ್ಮ ಸಾರ್‌ಗೆ ಫೋನ್ ಹಚ್ಚು.” ಫೋನು ಹಿಡಿದ ದುರುಗಕ್ಕ, “ಸಾರ್, ಹುಡುಗಿ ಕೆಲಸ ಸರಿ ಐತ್ರಿ. ಕೆಡಿಸಿದೋಳು ನಾನು,” ಎಂದು ನಡೆದದ್ದನ್ನೆಲ್ಲ ಹೇಳಿದಳು.

ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಉಳಿದಿದ್ದ ಮೊದಲ ಚೊಗರನ್ನು ಅವರು ಮತ್ತೆ ಪರೀಕ್ಷೆಗೆ ಒಡ್ಡಿಸಿದರು. ಜೀವಿ ಪುನಃ ಸಿಕ್ಕಿತು. ಅದರ ಚಿಕ್ಕ ಆರ್‌ಎನ್‌ಎಯನ್ನು ತೆಗೆದಾಗ ಬಿಸಿ ತಾಳದೆ ಸತ್ತಿತು, ಇದ್ದಾಗ ಬದುಕಿತು. ಅಧ್ಯಾಯ ಉಳಿಯಿತು.

ವನಜಾಕ್ಷಿ ಈ ಸುದ್ದಿ ಹೇಳಲು ಫೋನು ಮಾಡಿದಾಗ ನಾನೂ ಅಲ್ಲಿದ್ದೆ. ದುರುಗಕ್ಕ ಮತ್ತೆ ತನ್ನ ತಪ್ಪಿನ ಮಾತನ್ನೇ ತೆಗೆದಳು.

“ಇನ್ನ ಆ ಮಾತು ಬಿಡಕ್ಕಾ. ಎಲ್ಲಾ ಸರಿಹೋತು.”

“ಸರಿಹೋಗಿದ್ದು ನಿನ್ನ ಪುಸ್ತಕ ಕಣವ್ವಾ. ಅಷ್ಟು ದಿನ ನಿನ್ನನ್ನ ನೀನೇ ಬೈಕೊಂಡ್ಯಲ್ಲ, ಅದು?”

ದುರುಗಕ್ಕ ಫೋನನ್ನು ಕಿವಿಗೊತ್ತಿಕೊಂಡು ಕಾಯುತ್ತ ನಿಂತಳು.