ಮೇಸ್ತ್ರಿ ನಿಂತ ನೆಲ

ಮೇಸ್ತ್ರಿಯ ಬಲಗೈ ಮೊಣಕೈವರೆಗೂ ಕಪ್ಪು, ಎಡಗೈ ಮಾಮೂಲಿ ಬಣ್ಣ. ಗೊಬ್ಬರದ ರಾಶಿಯೊಳಗೆ ಬಲಗೈ ತೂರಿಸಿ ಕಾವು ನೋಡುವುದು ಅವರ ಹಳೆಯ ಅಭ್ಯಾಸ. ನಾನು ಕೊಟ್ಟ ಥರ್ಮಾಮೀಟರನ್ನು ಮರ್ಯಾದೆಯಿಂದ ಷೆಡ್ಡಿನ ಗೋಡೆಗೆ ತೂಗುಹಾಕಿದ್ದರು, ಅಷ್ಟೇ.

ವಿಜಯವಾಡದಿಂದ ಎರಡು ಗಂಟೆ ದಾರಿ, ಕೊಲ್ಲೇರು ಸರೋವರದ ಕಡೆಯ ಜೌಗಿನಲ್ಲಿ ಆ ತಾಳೆಎಣ್ಣೆ ಸಸಿಗಳ ನರ್ಸರಿ. ನೆಲವೆಲ್ಲ ಎಷ್ಟೋ ಕಾಲದಿಂದ ಕೊಳೆತ ಜೊಂಡು. ಕಾಲಿಟ್ಟರೆ ಹಾಸಿಗೆಯಂತೆ ತಗ್ಗುತ್ತಿತ್ತು. ಹಣ್ಣು ಬಿಡಿಸಿದ ತಾಳೆಗೊನೆಗಳನ್ನು ಕೊಳೆಸಿ ಮೇಸ್ತ್ರಿ ಗೊಬ್ಬರ ಮಾಡುತ್ತಿದ್ದರು. ಆ ಗೊಬ್ಬರ ಹಾಕಿದ ಸಾಲಿನಲ್ಲೂ ಹಾಕದ ಸಾಲಿನಲ್ಲೂ ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಅನಿಲ ಅಳೆಯುವುದು ನನ್ನ ಕೆಲಸ.

"ಅವೂ ಉಸುರು ಬಿಡಬೇಕಲ್ರೀ ಮೇಡಂ" ಎಂದು ಮೇಸ್ತ್ರಿ ನಗುತ್ತಿದ್ದರು.

ಅವರು ಸಿರುಗುಪ್ಪದ ಕಡೆಯವರು. ನಾನು ದಾವಣಗೆರೆಯವಳೆಂದು ತಿಳಿದದ್ದೇ ತಡ, ದಿನಾ ಮಧ್ಯಾಹ್ನ ಮಜ್ಜಿಗೆ ತರತೊಡಗಿದರು. ಗೊಬ್ಬರದ ಸಾಲಿನಲ್ಲಿ ನನ್ನ ಡಬ್ಬಿಯ ಪಕ್ಕ ನಿಂತು, ನಾನು ಅಂಕಿ ಬರೆದು ಮುಗಿಸುವವರೆಗೆ ತಮ್ಮ ಸಸಿಗಳನ್ನು ನೋಡುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನು ಛೇಡಿಸಿದ್ದುಂಟು.

ಆ ಸಾಲಿನ ಅಂಕಿ ದಿನವೂ ಹೆಚ್ಚೇ ಬಂತು. ಗೊಬ್ಬರದಿಂದ ನೆಲ ಹೆಚ್ಚು ಅನಿಲ ಬಿಡುತ್ತಿದೆ ಎಂದು ವಿಶಾಖಪಟ್ಟಣದ ನಮ್ಮ ಕಚೇರಿಗೆ ವರದಿ ಕಳಿಸಿದೆ. ಸೋಮವಾರದಿಂದ ಗೊಬ್ಬರ ನಿಲ್ಲಿಸಿ ಎಂದು ಆದೇಶ ಬಂತು. ಗೊಬ್ಬರವಿಲ್ಲದಿದ್ದರೆ ಮೇಸ್ತ್ರಿಗೂ ಅವರ ಕೈಕೆಳಗಿನ ನಾಲ್ವರು ಹೆಂಗಸರಿಗೂ ಅಲ್ಲಿ ಕೆಲಸವಿರಲಿಲ್ಲ.

ಮೇಸ್ತ್ರಿ ವಾದಿಸಲಿಲ್ಲ. "ಸರೇ ಮೇಡಂ. ಇವತ್ತು ಗೊಬ್ಬರ ಇಲ್ಲದ ಸಾಲಿನಾಗ ನಿಂದರ್ತೀನಿ. ಎಷ್ಟು ಬರ್ತದ ನೋಡ್ರಿ" ಎಂದರು.

ನಿಂತರು. ಅಂಕಿ ಏರಿತು. ದೂರ ಸರಿದರು, ಮತ್ತೆ ಅಳೆದಾಗ ಇಳಿದಿತ್ತು. ಗೊಬ್ಬರದ ಸಾಲನ್ನು ಅವರಿಲ್ಲದೆ ಅಳೆದೆ. ಪಕ್ಕದಲ್ಲಿ ಅವರು ನಿಲ್ಲದಾಗ ಎರಡು ಸಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

"ಈ ನೆಲ ತುಳಿದ್ರ ಒಳಗಿನ ಗಾಳಿ ಬುಳಬುಳ ಹೊರಗ ಬರ್ತದ್ರೀ. ಕಾಲುವೆ ದಂಡ್ಯಾಗ ದಿನಾ ನೋಡ್ತೀನಿ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಓದಿದೋರು. ಗೊತ್ತಿರ್ತದ ಅನ್ಕಂಡಿದ್ದೆ."

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಆ ಸಂಜೆಯೇ ವರದಿ ಹಿಂತೆಗೆದುಕೊಂಡೆ. ಅಳತೆಯ ವೇಳೆ ಪಕ್ಕದ ನೆಲ ತುಳಿದದ್ದರಿಂದ ದೋಷವಾಗಿದೆ, ಮರುಪರೀಕ್ಷೆಯಲ್ಲಿ ಗಮನಿಸಿದೆ ಎಂದು ಬರೆದೆ. ಗೊಬ್ಬರದ ಕೆಲಸ ಉಳಿಯಿತು. ತಪ್ಪನ್ನು ತಾನೇ ಹುಡುಕಿ ಒಪ್ಪಿಕೊಂಡಳೆಂದು ಕಚೇರಿ ನನ್ನನ್ನು ಹೊಗಳಿ, ವಿಶಾಖಪಟ್ಟಣದಲ್ಲಿ ಕಾಯಂ ಹುದ್ದೆ ಕೊಟ್ಟಿತು.

ಮೇಸ್ತ್ರಿ ಹೋದ ವರ್ಷ ತೀರಿಕೊಂಡರು. ಹುಡುಕಿದ್ದು ಅವರು ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ.