ಬಾಳೆಕಾಯಿ ಕಲೆಯ ಬೆರಳುಗಳು

ನಮ್ಮ ಸಸ್ಯಶಾಸ್ತ್ರದ ಮೇಡಂ ಅವರ ಹೆಬ್ಬೆರಳು, ತೋರುಬೆರಳು ಸದಾ ಕಂದು. ಬಳ್ಳಾರಿಯ ಕಾಲೇಜಿಗೆ ಇಸ್ತ್ರಿ ಕೆಡದ ಸೀರೆ ಉಟ್ಟು ಬರುತ್ತಿದ್ದ ಅವರಿಗೆ ಆ ಬೆರಳುಗಳ ಬಗ್ಗೆ ಮಾತ್ರ ಮುಜುಗರವಿರಲಿಲ್ಲ. ಕೌಲ್ ಬಜಾರಿನಿಂದ ಹಸಿ ಬಾಳೆಕಾಯಿ ತಂದು ಪಾಠದ ನಡುವೆಯೇ ಹೆಚ್ಚುವರು. ಹೋಳು ಕಪ್ಪಾಗುವವರೆಗೆ ಯಾರೂ ಮಾತಾಡುವಂತಿರಲಿಲ್ಲ.

"ಕಪ್ಪಾತು ಅಂದ್ರ ಕೆಟ್ಟೈತಿ ಅನಬ್ಯಾಡ್ರಿ. ಗಾಯ ಆದ ಕೂಡ್ಲೆ ಜೀವಕೋಶದಾಗಿನ ಕಿಣ್ವ ಎದ್ದು ಕುಂತೈತಿ. ರೋಗಾಣು ಬಂದ್ರೂ ಹಿಂಗ. ಗಿಡ ಸುಮ್ನ ಸಾಯಂಗಿಲ್ಲ, ಕಾದಾಡತೈತಿ."

ಬೆನ್ನ ಹಿಂದೆ ನಾವು ಅವರನ್ನು ಬಾಳೆಕಾಯಿ ಮೇಡಂ ಎನ್ನುತ್ತಿದ್ದೆವು. ಅವರಿಗದು ಗೊತ್ತಿತ್ತು. ಒಂದು ದಿನ ಹಾಜರಿ ಕರೆಯುವಾಗ, "ಬಾಳಿಕಾಯಿ ಬಂದಾಳ, ನೀವೆಲ್ಲಾ ಬಂದೀರೇನ?" ಎಂದು ನಮ್ಮೆಲ್ಲರ ತಲೆ ತಗ್ಗಿಸಿದರು.

ಎಪ್ಪತ್ತರ ದಶಕದ ಒಂದು ಮಳೆಗಾಲ, ಸಿರುಗುಪ್ಪದ ಹತ್ತಿರದ ನಮ್ಮ ಗದ್ದೆಯಲ್ಲಿ ಭತ್ತದ ಎಲೆಗಳು ತುದಿಯಿಂದ ಹಳದಿ ತಿರುಗಿ ಒಣಗತೊಡಗಿದವು. ಹಳದಿ ಕಂಡರೆ ಯೂರಿಯಾ ಎರಚುವುದು ನಮ್ಮ ಕಡೆಯ ರೂಢಿ. ಅಪ್ಪ ಒಮ್ಮೆ ಎರಚಿದ್ದರು, ರೋಗ ಇನ್ನೂ ಹಬ್ಬಿತು. ಮತ್ತೊಮ್ಮೆ ಎರಚಲು ಚೀಲ ಬದುವಿನ ಮೇಲೆ ಬಂದಿತ್ತು. ನಮ್ಮ ಮನೆಯ ವರ್ಷದ ಅನ್ನ ಆ ಗದ್ದೆಯಲ್ಲಿತ್ತು. ನಾನು ಹೇಳಿದ್ದೇ ತಡ, ಭಾನುವಾರ ಬೆಳಿಗ್ಗೆ ಮೇಡಂ ನನ್ನ ಜೊತೆ ಬಸ್ಸು ಹತ್ತಿದರು.

ಕೆಸರಿಗಿಳಿದು ಎಲೆ ಕಿತ್ತು, ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿಯಿತು.

"ಇವು ರೋಗಾಣು, ಯಜಮಾನ್ರ. ಇದು ಗೊಬ್ಬರದ ಹಸಿವಿ ಅಲ್ಲ, ಜಡ್ಡು. ಯೂರಿಯಾ ಹೆಚ್ಚಾದ್ರ ಎಲಿ ಮೆತ್ತಗಾಗತೈತಿ, ಕಾದಾಡೋ ಶಕ್ತಿ ಕಮ್ಮಿ ಆಗತೈತಿ. ಚೀಲ ಮನಿಗೆ ಒಯ್ರಿ, ಗದ್ದಿ ನೀರು ಹೊರಗ ಬಿಡ್ರಿ."

"ಎಲಿ ಹಳದಿ ಇಟ್ಕಂಡು ಸುಮ್ನ ಕುಂದ್ರು ಅಂತೀರೇನ್ರಿ ಅಮ್ಮಾ?" ಅಪ್ಪನ ದನಿ ಗಡುಸಾಗಿತ್ತು.

"ನೀವು ಸುಮ್ನ ಕುಂದ್ರಿ. ನೆಲ್ಲು ಕುಂದ್ರಂಗಿಲ್ಲ."

ಅಪ್ಪ ಲೋಟವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದರು. ಹೊಸ ಎಲೆಗಳು ಹಸಿರಾಗಿಯೇ ಬಂದವು. ಪೂರ್ತಿ ಬೆಳೆಯಲ್ಲದಿದ್ದರೂ ಉಣ್ಣುವಷ್ಟು ಕೈಗೆ ಹತ್ತಿತು. ಮೊದಲ ಅಕ್ಕಿಯನ್ನು ಅಪ್ಪನೇ ಮೇಡಂ ಮನೆಗೆ ಮುಟ್ಟಿಸಿ ಬಂದರು. ಆ ಲೋಟ ನೋಡಿದ ದಿನವೇ ನಾನೂ ಪಾಠ ಹೇಳುವವಳಾಗಬೇಕು ಎಂದುಕೊಂಡಿದ್ದೆ. ಆ ಋಣ ತೀರುವಂಥದ್ದಲ್ಲ.

ಮುಂದೆ ನಾನು ಕುರುಗೋಡಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಸುದ್ದಿ ಬಂತು: ಮೇಡಂ ಎದೆನೋವಿನಿಂದ ಹೋಗಿಬಿಟ್ಟಿದ್ದರು. ಹಿಂದಿನ ದಿನವೂ ಪಾಠ ಮಾಡಿದ್ದರಂತೆ. ನಾನು ಹೋದಾಗ ಮೈ ತೊಳೆಯುತ್ತಿದ್ದ ಹೆಂಗಸರಲ್ಲಿ ಒಬ್ಬರು ನಿಂಬೆಹೋಳಿನಿಂದ ಆ ಬೆರಳುಗಳನ್ನು ತಿಕ್ಕುತ್ತಿದ್ದರು. ನಾನು ಆ ಹೆಂಗಸಿನ ಕೈ ಹಿಡಿದು ತಡೆದೆ.

"ಬಿಡ್ರಿ ಅಕ್ಕಾರ, ಅದು ಹೊಲಸಲ್ಲ. ಆ ಬೆರಳಿಂದ ನಮ್ಮನಿಯಾಗ ಒಂದು ವರ್ಷ ಒಲಿ ಉರದೈತಿ."

ಅವರು ನಿಂಬೆಹೋಳು ಕೆಳಗಿಟ್ಟರು. ಮೇಡಂ ಅವರನ್ನು ಆ ಕಂದು ಬೆರಳುಗಳೊಂದಿಗೇ ಮಣ್ಣಿಗೊಪ್ಪಿಸಿದೆವು.