ಬೆಲ್ಜಿಯಂಗೋ, ಬಜ್ಪೆಗೋ

ಮನುಷ್ಯಜೀವಕ್ಕೆ ಬೆಲೆ ಕಟ್ಟಲಾಗದು ಎಂಬ ವಿಷಯದಲ್ಲಿ ಲೋಕದ ಸಮಸ್ತ ಕಾನೂನುಗಳಿಗೂ ಒಮ್ಮತವಿದೆ. ಆ ಮನುಷ್ಯನ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ ಎಂಬುದು ಮಾತ್ರ ಅವುಗಳ ಘನತೆಗೆ ತಕ್ಕ ಪ್ರಶ್ನೆಯಲ್ಲ.

2011ರಲ್ಲಿ ನಾನು ಕುವೈತಿನ ಮಿರ್ಕಾಬ್‌ನಲ್ಲಿ ಒಂದು ವಕೀಲರ ಕಚೇರಿಯಲ್ಲಿ ಅನುವಾದಕನಾಗಿದ್ದೆ. ಒಂದು ಸಂಜೆ ಫೆಲಿಕ್ಸ್ ಬಂದರು. ಬೆಳ್ಮಣ್ಣಿನ ಕಡೆಯವರು, ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯೊಂದರ ಡ್ರಾಫ್ಟ್ಸ್‌ಮನ್. ವರ್ಷಗಳಿಂದ ತೀವ್ರ ಖಿನ್ನತೆ.

“ಬೆಲ್ಜಿಯಂಗೆ ಒಂದು ಅರ್ಜಿ ಆಗ್ಬೇಕಿತ್ತು ಹಮೀದ್ ಭಾಯಿ. ಅಲ್ಲಿ ನನ್ನಂಥವರಿಗೆ ಡಾಕ್ಟರೇ ದಯಾಮರಣ ಕೊಡ್ತಾರಂತೆ.”

“ಎಂತ ಮಾರಾಯ್ರೆ, ಮೊದಲು ಕೂತ್ಕೊಳ್ಳಿ” ಎಂದು ಚಹಾ ತರಿಸಿದೆ. ಕುವೈತಿನಲ್ಲೇ ಹವಲ್ಲಿಯಲ್ಲಿದ್ದ ಅವರ ತಂಗಿಗೆ ಫೋನ್ ಮಾಡಿ, ಅಣ್ಣನನ್ನು ಒಂಟಿಯಾಗಿ ಬಿಡಬೇಡಿ ಎಂದೆ.

ನಮ್ಮ ವಕೀಲರಿಗೆ ಮಾತ್ರ ಹಬ್ಬ. ಬೆಲ್ಜಿಯಂ ಕಾನೂನು ಮನೋರೋಗಿಗಳಿಗೂ ಅನ್ವಯಿಸುತ್ತದೆ. ಜೀವ ಕೊನೆಗೊಳಿಸುವ ನಿರ್ಧಾರ ಖಾಸಗಿ ಬದುಕಿನ ಹಕ್ಕಿಗೆ ಸೇರಿದರೂ ಅದಕ್ಕೆ ನೆರವಾಗುವುದು ಸರಕಾರದ ಕರ್ತವ್ಯವಲ್ಲವೆಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಆ ವರ್ಷವೇ ಹೇಳಿತ್ತು. ಖಿನ್ನತೆಯೇ ಸಾವನ್ನು ಬಯಸುವಾಗ ಅದನ್ನು ಸ್ವತಂತ್ರ ಇಚ್ಛೆ ಎನ್ನಬಹುದೇ? ಈ ಕುರಿತು ಅವರು ವಾರಗಟ್ಟಲೆ ಟಿಪ್ಪಣಿ ಬರೆಸಿದರು. ಎದುರಿಗಿದ್ದ ಫೆಲಿಕ್ಸರನ್ನು ಏನೂ ಕೇಳಲಿಲ್ಲ.

ಕೊನೆಗೆ ನಾನೇ ಕೇಳಿದೆ: “ಫೆಲಿಕ್ಸರೇ, ನಿಮಗೆ ಬೆಲ್ಜಿಯಂ ಬೇಕೋ, ಬಜ್ಪೆ ಬೇಕೋ?” ಬಜ್ಪೆ ಎಂದರೆ ನಮ್ಮ ಮಂಗಳೂರಿನ ವಿಮಾನ ನಿಲ್ದಾಣ.

“ಬಜ್ಪೆಗೆ ಬಿಟ್ಟಿದ್ರೆ ಬೆಲ್ಜಿಯಂ ಯಾಕೆ ಕೇಳ್ತಿದ್ದೆ? ಪಾಸ್‌ಪೋರ್ಟ್ ಕಫೀಲ್ ಹತ್ರ ಉಂಟು. ರಜೆ ಕೇಳಿದ್ರೆ, ರಿಫೈನರಿಯ ಶಟ್‌ಡೌನ್ ಕೆಲಸ ಮುಗೀಲಿ ಅಂತಾನೆ.”

ಸಾಯಲಿಕ್ಕೆ ಹೋಗುವುದಕ್ಕೂ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಅಪ್ಪಣೆ ಬೇಕಿತ್ತು. ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದೆಂಬುದು ಅಲ್ಲಿಯ ನಿಯಮ. ಇಟ್ಟುಕೊಳ್ಳುವುದು ಅಲ್ಲಿಯ ವಾಡಿಕೆ. ವಕೀಲರಿಗೆ ತಿಳಿಸಿದೆ. “ಅದು ಕ್ಲರ್ಕ್ ಕೆಲಸ ಹಮೀದ್” ಎಂದು ಟಿಪ್ಪಣಿಗೆ ಮರಳಿದರು.

ಫೆಲಿಕ್ಸರ ಒಪ್ಪಿಗೆ ಪಡೆದು, ಊರಿಗೆ ಕಳಿಸಬೇಕೆಂಬ ಅವರ ಮನೋವೈದ್ಯರ ಶಿಫಾರಸಿನೊಂದಿಗೆ ಕಫೀಲನ ಬಳಿ ಹೋದೆ. ಮಾನವ ಹಕ್ಕು ಎಂದೆ, ಕಾಫಿ ಕೊಟ್ಟ. ನಿಯಮ ಎಂದೆ, ಖರ್ಜೂರ ಕೊಟ್ಟ. “ಇನ್ಶಾ ಅಲ್ಲಾ, ನಾಳೆ” ಎಂದ. ಹಲವು ನಾಳೆಗಳು ಕಳೆದವು. ಕೊನೆಗೆ ಬೇಸತ್ತು, “ನಿಮ್ಮ ಕೆಲಸಗಾರರ ಕ್ಯಾಂಪಿನಲ್ಲೇ ಅವರಿಗೆ ಏನಾದರೂ ಆದರೆ ಪೊಲೀಸರು, ರಾಯಭಾರ ಕಚೇರಿ, ಶವ ಕಳಿಸುವ ಓಡಾಟ, ಎಲ್ಲ ನಿಮ್ಮದೇ ಬಾಬಾ” ಎಂದೆ.

“ಖಲಾಸ್, ಖಲಾಸ್, ಸಾಕು” ಎಂದು ಅವನು ಬೀರು ತೆರೆದ.

ದೊಡ್ಡ ಹಕ್ಕಿನ ಚರ್ಚೆಗೆ ಕೂರುವ ಮೊದಲು ಮನುಷ್ಯನ ಸಣ್ಣ ಬೇಡಿಕೆಯನ್ನು ಕೇಳಿಕೊಳ್ಳಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ತೊಂದರೆಯ ಭಯ ಮಾಡಿಸಿದ ಕೆಲಸವನ್ನು ನ್ಯಾಯ ಮಾಡಿಸಲಿಲ್ಲವೆಂಬ ಸಿಟ್ಟು ಇನ್ನೂ ಇಳಿದಿಲ್ಲ.

ಫೆಲಿಕ್ಸ್ ತಂಗಿಯೊಡನೆ ಊರಿಗೆ ಹೋದರು. ಮಂಗಳೂರಿನಲ್ಲಿ ಚಿಕಿತ್ಸೆ ಮುಂದುವರಿಯಿತು. ಕಾಯಿಲೆ ಪೂರ್ತಿ ಹೋಗಿಲ್ಲ. ಅವರು ಬದುಕಿದ್ದಾರೆ.